ರುಮಾಲಿನ ಕೆಳಗಿನ ಮಾತು

ನನ್ನ ಮಗನ ಹಲ್ಲು ನೋಡಿದ ಮೇಲೆಯೇ ತನ್ನ ಮಗಳನ್ನು ಕೊಟ್ಟವಳು ಆಕೆ. ಸುಳ್ಳು ಹೇಳುತ್ತಿಲ್ಲ. ಹೆಣ್ಣು ನೋಡಲಿಕ್ಕೆಂದು ನಾವು ನಿಲಂಗಾದಿಂದ ಉಮರಗಾ ಕಡೆಯ ಅವರ ಹಳ್ಳಿಗೆ ಹೋಗಿದ್ದೆವು. ಹುಡುಗಿ ಚಹಾ ಕೊಟ್ಟು ಒಳಗೆ ಹೋದಳು. ನಮ್ಮ ನೋಡುವುದು ಮುಗಿಯಿತು ಅಂದುಕೊಂಡರೆ ಅವರ ನೋಡುವುದು ಶುರುವಾಯಿತು. ಹುಡುಗಿಯ ತಾಯಿ ಹೊರಗೆ ಬಂದಳು. ಕಚ್ಚೆ ಹಾಕಿ ಉಟ್ಟ ಸೀರೆ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಹೆಗಲ ಮೇಲೆ ಗಂಡಸರ ಕೆಂಪು ರುಮಾಲು. ಬಂದವಳೇ ನನ್ನ ಮಗನ ಮುಂದೆ ನಿಂತಳು.

"ಬಾಯಿ ತೆಗಿ, ತಮ್ಮಾ."

ಅವನು ಗಾಬರಿಯಲ್ಲಿ ತೆಗೆದ.

"ಗುಟ್ಕಾ ತಿನ್ನಾಂಗಿಲ್ಲ. ಛಲೋ ಆತು. ಈಗ ಅಲ್ಲೀತನಕ ನಡದು ತಿರಗಿ ಬಾ."

ನನ್ನ ಮಗ, ನಿಲಂಗಾದ ಅಡತಿ ಅಂಗಡಿಯಲ್ಲಿ ಕಾಳು ತೂಗುವ ಗಂಡಸು, ಅಂಗಳದ ತುದಿಯವರೆಗೆ ನಡೆದು ತಿರುಗಿ ಬಂದ. ನನಗೆ ಮೈ ಉರಿಯಿತು.

"ಬೀಗತ್ಯಾರ, ಬಾಲಾನೂ ಎತ್ತಿ ನೋಡ್ತೀರೇನ್ರಿ?" ಅಂದೆ.

"ಅದನ್ನ ಹಡದಾಗ ನೀವು ನೋಡೀರಲ್ರಿ. ನಿಮ್ಮ ಮಾತಿನ ಮ್ಯಾಲ ನಂಬಿಗಿ ಅದ ನಂಗ" ಅಂದಳು.

ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಲಗ್ನ ಅಲ್ಲೇ ಗಟ್ಟಿಯಾಯಿತು.

ಆಕೆ ಹೋಗಿ ವರ್ಷವಾಯಿತು. ವರ್ಷದ ಊಟಕ್ಕೆ ಬಂದ ನೆಂಟರೆಲ್ಲ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು, "ಭಾಳ ಶಾಂತ ಸ್ವಭಾವ, ಯಾರಿಗೂ ತ್ರಾಸ ಕೊಡದ ಹೋದಳು" ಅಂದರು. ಕೇಳಿ ನನಗೆ ತಡೆಯಲಿಕ್ಕಾಗಲಿಲ್ಲ. ಶಾಂತ ಸ್ವಭಾವವಂತೆ! ಎಲ್ಲರಿಗೂ ತ್ರಾಸ ಕೊಟ್ಟೇ ಹೋದಳು. ನನಗಂತೂ ಹಗಲೆಲ್ಲ ಕೊಟ್ಟಳು. ಸತ್ತವರಿಗೆಲ್ಲ ಒಂದೇ ಅಂಗಿ ತೊಡಿಸುವ ಈ ಮಂದಿಯ ಕೈಯಿಂದ ಆಕೆಯನ್ನು ಬಿಡಿಸಿಕೊಳ್ಳಬೇಕೆಂದು ನನಗೆ ಬರುವ ನಾಲ್ಕು ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ರುಮಾಲಿನ ವಿಷಯ ಹೇಳಬೇಕು. ಅದು ತಿಳಿಯದಿದ್ದರೆ ಆಕೆ ತಿಳಿಯುವುದಿಲ್ಲ.

ನಮ್ಮ ಕಡೆ ದನದ ಬಾಜಾರದಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈಗೆ ಕೈ ಕೊಟ್ಟು ಮೇಲೊಂದು ವಸ್ತ್ರ ಮುಚ್ಚುತ್ತಾರೆ. ಒಳಗೆ ಬೆರಳು ಹಿಡಿದು ಕೇಳುವುದು, ಬೆರಳು ಹಿಡಿದು ಹೇಳುವುದು. ಸುತ್ತ ಊರೇ ನಿಂತಿದ್ದರೂ ಸೌದಾ ಇಬ್ಬರದು. ಒಲ್ಲೆನೆಂದರೆ ಕೈ ಜಗ್ಗಿಕೊಳ್ಳುವುದು. ಒಪ್ಪಿಗೆಯಾದರೆ ಬೆರಳು ಸಡಿಲ ಮಾಡಿ ಸಾವಕಾಶ ಬಿಡುವುದು. ಆಕೆಯ ಗಂಡ ಈ ಕೆಲಸದ ದಲ್ಲಾಳಿ. ಹರೆಯದಲ್ಲೇ ಸತ್ತ. ಆಕೆ ಅವನ ರುಮಾಲು ಹೆಗಲಿಗೆ ಹಾಕಿಕೊಂಡು ಬಾಜಾರಕ್ಕೆ ಹೋಗಿ ನಿಂತಳು.

ಗಂಡಸರು ಕೈ ಕೊಡಲಿಲ್ಲ. ಪರಹೆಂಗಸಿನ ಕೈ ಹಿಡಿಯುವುದೇ, ಅದೂ ವಸ್ತ್ರದ ಕೆಳಗೆ! ಒಬ್ಬ ಮುದುಕ ಕಿವಿ ಹಿಡಿದುಕೊಂಡು ಶಿವ ಶಿವಾ ಅಂದನಂತೆ. ಆಕೆ ಬಾಜಾರದ ನಡುವೆ ರುಮಾಲು ಬಿಚ್ಚಿ ಹಿಡಿದು ಕೂಗಿದಳಂತೆ: "ಇದು ನನ್ನ ಗಂಡನ ರುಮಾಲ. ಇದರ ಕೆಳಗ ಇರೂ ಕೈ ಅವಂದು. ಅವನ ಜೋಡಿ ಸೌದಾ ಮಾಡಿದವರು ಬರ್ರಿ, ಉಳದವರು ಮನೀಗ ಹೋಗಿ ಹೆಂಡ್ತಿ ಕೈ ಹಿಡೀರಿ." ಆ ಶಿವ ಶಿವಾ ಅಂದ ಮುದುಕನೇ ಮೊದಲು ಕೈ ಕೊಟ್ಟನಂತೆ. ಈ ಕಥೆಯನ್ನು ಆಕೆ ಹೇಳುವಾಗ ಪ್ರತಿ ಸಲವೂ ಮುದುಕನ ವಯಸ್ಸು ಹೆಚ್ಚಾಗುತ್ತಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಇಂಥವಳಿಗೆ ಗಂಟಲಲ್ಲಿ ಗಡ್ಡೆ ಎದ್ದಿತು. ಲಾತೂರಿನ ಕ್ಯಾನ್ಸರ್ ದವಾಖಾನೆಯಲ್ಲಿ ಗಡ್ಡೆ ಸುಡುವ ಕರೆಂಟು ಕೊಟ್ಟರು. ಇಳಿಯಿತು, ಮತ್ತೆ ಎದ್ದಿತು. ಇನ್ನು ಏನೂ ನಡೆಯುವುದಿಲ್ಲವೆಂದು ಡಾಕ್ಟರು ನನ್ನ ಮಗನನ್ನು ಹೊರಗೆ ಕರೆದು ಹೇಳಿದರು. ಅವನು ಅತ್ತೆಯ ಹತ್ತಿರ ಬಂದು, "ಎಲ್ಲಾ ಛಲೋ ಅದಂತ ಅತ್ತಿ, ಮನೀಗ ಹೋಗ್ರಿ ಅಂದಾರ" ಅಂದ. ಆಕೆ ಅವನ ಕಣ್ಣು ನೋಡಿದಳು.

"ದನಕ್ಕ ರೋಗ ಬಂದ್ರ ಯಾರಿಗಿ ಹೇಳ್ತಾರ? ಮಾಲಕರಿಗಿ. ಈ ದನದ ಮಾಲಕಿ ನಾ ಇದೀನಿ. ಬಾಯಿ ತೆಗಿ, ತಮ್ಮಾ."

ಅವನು ಬಾಯಿ ತೆಗೆದ. ಎಲ್ಲವನ್ನೂ ಹೇಳಿದ. ಹೇಳಿ ಅತ್ತ. ಆಕೆ ಅಳಲಿಲ್ಲ, ಚಹಾ ಕೇಳಿದಳು.

ಮಗಳೊಬ್ಬಳೇ, ಗಂಡುಮಕ್ಕಳಿಲ್ಲ. ಆದರೆ ಮಗಳ ಮನೆಯಲ್ಲಿ ತಾಯಿ ಕೂತು ಉಣ್ಣುವುದು ನಮ್ಮಲ್ಲಿ ಇಲ್ಲ. ನನ್ನ ಸೊಸೆ ಬಾ ಅಂತ ಕರೆಯುತ್ತಾಳೆ, ಆಕೆ ಒಲ್ಲೆ ಅನ್ನುತ್ತಾಳೆ, ಹೀಗೇ ನಡೆದಿತ್ತು. ಒಂದು ಮುಂಜಾನೆ ನೋಡಿದರೆ ಟೆಂಪೋದಿಂದ ಇಳಿಯುತ್ತಿದ್ದಾಳೆ, ಜೋಳದ ಚೀಲದ ಸಮೇತ!

"ಬೀಗತ್ಯಾರ, ನಾ ಮಗಳ ಮನೀಗ ಬಂದಿಲ್ಲ ನೋಡ್ರಿ. ಬೀಗತಿ ಮನೀಗ ಬಂದೀನಿ. ಬೀಗತಿಗಿ ಉಣ್ಣಸೂದು ಪದ್ಧತಿ ಅದ. ಉಣ್ಣಸ್ರಿ."

"ಎಷ್ಟ್ ದಿನ ಇರ್ತೀರಿ?"

"ಸಾಯೂತನಕ. ಅವಸರ ಅದೇನ್ರಿ ನಿಮಗ?"

"ನಂಗೇನೂ ಅವಸರ ಇಲ್ಲ. ಸತ್ತ ಮ್ಯಾಲಿನ ಹೋಳಗಿ ಖರ್ಚ ಅಂತೂ ಲೋಹಾರಾದ ನಿಮ್ಮ ತಮ್ಮಂದು" ಅಂದೆ. ಹೀಗೆ ನಮ್ಮಿಬ್ಬರದು.

ಸೊಸೆ ಹಿಂದಿನ ಕೋಣೆಯಲ್ಲಿ ಹಾಸಿಗೆ ಮಾಡಿದ್ದಳು. ಪರದೆ, ಫ್ಯಾನು, ಔಷಧ ಇಡಲು ಸ್ಟೂಲು. ಆಕೆ ನೋಡಿ, ಹೊರಸನ್ನು ಪಡಸಾಲೆಗೆ ತರಿಸಿದಳು, ಬೀದಿ ಕಾಣುವ ಹಾಗೆ. ಮಿಶ್ರಿ ಡಬ್ಬಿ ತಲೆದಿಂಬಿನ ಹತ್ತಿರ ಇರಬೇಕು. ಸುಟ್ಟ ತಂಬಾಕಿನ ಪುಡಿ, ನಮ್ಮ ಕಡೆಯ ಹೆಂಗಸರು ಮುಂಜಾನೆ ಒಸಡಿಗೆ ತಿಕ್ಕುತ್ತಾರೆ. ಗಂಟಲಲ್ಲಿ ಗಡ್ಡೆ ಇಟ್ಟುಕೊಂಡು ಮಿಶ್ರಿ! ಸೊಸೆ ಡಬ್ಬಿ ಬಚ್ಚಿಟ್ಟಳು. ಆಕೆ ಊಟ ಬಿಟ್ಟಳು. ಡಬ್ಬಿ ಬಂತು.

"ದನಾ ಕಟ್ಟಿದ್ರ ಹಗ್ಗ ಉದ್ದ ಬಿಡಬೇಕು. ಗಿಡ್ಡ ಹಗ್ಗದಾಗ ಮೇವು ಮುಂದಿದ್ರೂ ದನಾ ಮುಟ್ಟಾಂಗಿಲ್ಲ" ಅಂದಳು ಮಗಳಿಗೆ.

ಉದಗೀರದಲ್ಲಿ ಗುಣವಾಗದ ರೋಗಿಗಳನ್ನು ಕೊನೆಯವರೆಗೆ ನೋಡಿಕೊಳ್ಳುವ ದವಾಖಾನೆ ಒಂದಿದೆ. ಅಲ್ಲಿಂದ ಒಬ್ಬ ಸಿಸ್ಟರ್ ಜೀಪಿನಲ್ಲಿ ಮನೆಮನೆಗೆ ಬರುತ್ತಾಳೆ. ಮರಾಠಿಯವಳು, ನಮ್ಮ ಕನ್ನಡ ತಿಳಿಯುತ್ತದೆ, ಮಾತಾಡಲು ನಾಚಿಕೆ. ಆ ಸಿಸ್ಟರ್ ಬಂದ ಮೊದಲ ದಿನ ನಾವೆಲ್ಲ ಒಟ್ಟಿಗೇ ಬಾಯಿ ಮಾಡಿದೆವು: ನಿದ್ದೆ ಇಲ್ಲ, ಊಟ ಇಲ್ಲ, ಹಠ ಬಹಳ. ಆ ಹುಡುಗಿ ನಮ್ಮನ್ನು ದಾಟಿ ಹೋಗಿ ಹೊರಸಿನ ಪಕ್ಕ ನೆಲದ ಮೇಲೆ ಕೂತಳು.

"ಆಜೀ, ಹಾತ್ ಲಾವೂ ಕಾ?" ಮುಟ್ಟಲೇ ಎಂದು ಕೇಳಿದಳು!

ಬೀಗತಿ ನನ್ನ ಕಡೆ ತಿರುಗಿದಳು. ಕಣ್ಣು ಹೊಳೆಯುತ್ತಿದ್ದವು. "ಇಷ್ಟ್ ದವಾಖಾನಿ ತಿರಗೀನಿ, ಕೇಳಿ ಮುಟ್ಟಿದಾಕಿ ಇಕಿ ಮೊದಲನೇಕಿ. ಮುಟ್ಟವ್ವಾ. ಆದ್ರ ಈಗಲ್ಲ. ನಂದು ಲಿಂಗಪೂಜಿ ಆಗಿಲ್ಲ."

ಸಿಸ್ಟರ್ ಹೊರಗಿನ ಕಟ್ಟೆಯ ಮೇಲೆ ಕೂತು ಕಾದಳು. ಬೀಗತಿಯ ಪೂಜೆಯೇನು ಗಿಡ್ಡದ್ದಲ್ಲ. ಅಂದಿನಿಂದ ಆ ಹುಡುಗಿ ಪೂಜೆ ಮುಗಿಯುವ ಹೊತ್ತು ನೋಡಿಯೇ ಬರತೊಡಗಿದಳು. ಮಿಶ್ರಿಯ ಫಿರ್ಯಾದೂ ಸಿಸ್ಟರ್ ಮುಂದೆ ಹೋಯಿತು. ಹಚ್ಚಿದರೆ ಉರಿ ಹೆಚ್ಚಾಗಬಹುದು ಎಂದು ಆಜಿಗೇ ಹೇಳಿದಳು, ಆಮೇಲೆ "ತುಮಚೀ ಮರ್ಜಿ" ಅಂದಳು. ನಿಮ್ಮ ಇಚ್ಛೆ. ನನ್ನ ಬೀಗತಿ ಮರುದಿನ ಅರ್ಧ ಚಿಟಿಕೆ ಮಾತ್ರ ತಿಕ್ಕಿದಳು. ಯಾರೂ ಬೇಡ ಅನ್ನಲಿಲ್ಲವಲ್ಲ, ರುಚಿ ಕಡಿಮೆಯಾಗಿರಬೇಕು.

ದನಿ ಕರಗುತ್ತ ಬಂತು. ಮೊದಲು ಪಿಸುಮಾತಾಯಿತು, ಆಮೇಲೆ ಒಂದೊಂದೇ ಶಬ್ದ ಗೀರಿ ಬರುತ್ತಿತ್ತು. ಕೈಸನ್ನೆ ಮಾಡಲು ಹತ್ತಿದಳು. ಸನ್ನೆ ಎಲ್ಲರಿಗೂ ಕಾಣುತ್ತದೆ ನೋಡಿ. ಒಮ್ಮೆ ಹೊಟ್ಟೆ ಮುಟ್ಟಿ ತೋರಿಸಿದಳು. ಸೊಸೆ ಗಾಬರಿಯಲ್ಲಿ ಅಡುಗೆಮನೆಯಲ್ಲಿದ್ದ ನನಗೆ ಕೇಳಲೆಂದು ಕೂಗಿದಳು: "ಅತ್ತೀ, ಅವ್ವಗ ಸಂಡಾಸಕ್ಕ ಬಂದದಂತ್ರೀ!" ಬೀದಿಗೆಲ್ಲ ಕೇಳಿತು. ಎದುರು ಮನೆಯವನು ಇಣುಕಿ ನೋಡಿದ. ಬೀಗತಿ ಸ್ಟೀಲಿನ ಗ್ಲಾಸು ತೆಗೆದು ಒಗೆದಳು, ಗೋಡೆಯ ಸುಣ್ಣ ಉದುರಿತು. ಮುಖ ಸೆರಗಿನಲ್ಲಿ ಮುಚ್ಚಿಕೊಂಡು ಆ ದಿನವಿಡೀ ತೆಗೆಯಲಿಲ್ಲ. ರೋಗಕ್ಕೆ ಹೆದರದವಳು ಅದಕ್ಕೆ ಕುಗ್ಗಿದ್ದಳು.

ಮರುದಿನ ನನ್ನನ್ನು ಹತ್ತಿರ ಕರೆದಳು. ರುಮಾಲು ಬಿಚ್ಚಿ ನನ್ನ ಕೈ ಹಿಡಿದು ಮೇಲೆ ಮುಚ್ಚಿದಳು. ಒಂದೊಂದು ಬೆರಳು ಹಿಡಿದು, ಒಂದೊಂದು ಶಬ್ದ ಗೀರಿ ಹೇಳಿಕೊಟ್ಟಳು. ಹೆಬ್ಬೆರಳು ನೀರು. ತೋರುಬೆರಳು ಹೂಂ. ಕಿರುಬೆರಳು ಒಲ್ಲೆ. ನಡುಬೆರಳು ಆ ಬೀದಿಗೆ ಕೇಳಿದ ಕೆಲಸ. ಮುಷ್ಟಿಯನ್ನೇ ಹಿಡಿದರೆ ಎಲ್ಲರನ್ನೂ ಹೊರಗೆ ಹಾಕು. ನಾನು ಕಲಿಯುವುದರಲ್ಲಿ ಎಮ್ಮೆ. ಮುಷ್ಟಿ ಹಿಡಿದಾಗ ನೀರು ಕುಡಿಸಿದೆ.

"ದಡ್ಡ ದಲ್ಲಾಳಿ" ಅಂದಳು. ಅಷ್ಟು ಹೇಳಲು ಮಾತ್ರ ದನಿ ಹೇಗೆ ಬರುತ್ತಿತ್ತೋ!

ಆಮೇಲೆ ಪಳಗಿದೆ. ಮನೆ ತುಂಬ ಮಂದಿ ಕೂತಿದ್ದರೂ ನಾವಿಬ್ಬರೂ ರುಮಾಲಿನ ಕೆಳಗೆ ನಮ್ಮ ಸೌದಾ ನಡೆಸುತ್ತಿದ್ದೆವು. ಸ್ನಾನ ನನ್ನ ಕೈಯಿಂದ, ಮಗಳ ಕೈಯಿಂದ ಬೇಡ. ದವಾಖಾನೆಯ ನಿಲುವಂಗಿ ಬೇಡ, ಕಚ್ಚೆ ಸೀರೆಯೇ ಬೇಕು. ನೋಡಲು ಬಂದು ಅಳುವವರು ಬೇಡ. ನಾನು ಎದ್ದು, "ನಡೀರಿ, ಬೀಗತ್ಯಾರಿಗಿ ನಿದ್ದಿ ಬಂದದ" ಅಂತ ಸಾಗಹಾಕುತ್ತಿದ್ದೆ. ಆಕೆ ಕಣ್ಣು ಮುಚ್ಚಿ ಗೊರಕೆ ಹೊಡೆದು ತೋರಿಸುತ್ತಿದ್ದಳು, ಕಳ್ಳಿ.

ಲೋಹಾರಾದಿಂದ ಆಕೆಯ ತಮ್ಮ ಗಾಡಿ ಮಾಡಿಕೊಂಡು ಬಂದ ದಿನ ಸಿಸ್ಟರ್ ಕೂಡ ಅಲ್ಲೇ ಇದ್ದಳು. ತಮ್ಮನೂ ದನದ ಬಾಜಾರದವನೇ, ಬೆಟ್ಟದಂಥ ಆಳು. ಅಕ್ಕ ಅಂಬಲಿಯ ಚಮಚವನ್ನೂ ಹಿಂದಕ್ಕೆ ದೂಡುವುದನ್ನು ನೋಡಿ ಕೆಂಪಗಾದ.

"ಅಕ್ಕಗ ಉಪಾಸ ಕೆಡವೀರೇನ್ರಿ? ಗಾಡಿ ತಂದೀನಿ. ಲಾತೂರಿಗಿ ಒಯ್ದು ಹೊಟ್ಟಿಗಿ ನಳಿಗಿ ಹಾಕಸ್ತೀನಿ. ನಾಳಿ ಮಂದಿ ಏನಂದಾರು, ತಮ್ಮ ಇದ್ದೂ ಹಸಗೊಂಡ ಸತ್ತಳು ಅಂತಾರ."

"ಮಾಮಾ ಹೇಳೂದು ಖರೆ ಅದ" ಅಂದ ನನ್ನ ಮಗ. ಸೊಸೆ ಆಗಲೇ ಸೀರೆ ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ಯಾರೂ ಕೆಟ್ಟವರಲ್ಲ. ಆದರೆ ಎಲ್ಲರೂ ಹೊರಸಿನ ಮೇಲಿಂದ, ಆಕೆಯ ತಲೆ ದಾಟಿಸಿ ಮಾತಾಡುತ್ತಿದ್ದರು. ಆಕೆ ಒಬ್ಬೊಬ್ಬರ ಬಾಯಿಯನ್ನು ನೋಡುತ್ತಿದ್ದಳು.

ಸಿಸ್ಟರ್ ಹೇಳಿದಳು: ನಳಿಗೆ ಹಾಕಿದರೆ ಹಾಲು, ಗಂಜಿ ಹೊಟ್ಟೆಗೆ ಇಳಿಯುತ್ತದೆ. ಕೆಲವರಿಗೆ ಅದರಿಂದ ಆಧಾರವಾಗುತ್ತದೆ. ಗಡ್ಡೆ ಮಾತ್ರ ಹೋಗುವುದಿಲ್ಲ. ಹಾಕಿಸಿದರೂ ನಾನು ಬರುತ್ತೇನೆ, ಹಾಕಿಸದಿದ್ದರೂ ಬರುತ್ತೇನೆ. "ಪಣ್ ಆಜೀಂನಾ ವಿಚಾರಾ." ಆದರೆ ಆಜಿಯನ್ನು ಕೇಳಿ.

ನಾನು ರುಮಾಲು ಮುಚ್ಚಿ ಕೈ ಹಾಕಿದೆ. "ಬೀಗತ್ಯಾರ, ಲಾತೂರ?" ಕಿರುಬೆರಳು. "ನಳಿಗಿ?" ಕಿರುಬೆರಳನ್ನು ಮುರಿಯುವ ಹಾಗೆ ಹಿಡಿದಳು.

"ಒಲ್ಲೆ ಅಂತಾರ" ಅಂದೆ.

"ಇದು ನೀವು ಅಂದದ್ದೋ, ಆಕಿ ಅಂದದ್ದೋ?" ಅಂದ ತಮ್ಮ.

ನನಗೆ ಸಿಟ್ಟು ನೆತ್ತಿಗೇರಿತು. "ಸಂಶಯ ಇದ್ರ ನಿನ್ನ ಕೈ ಹಾಕು! ಬಾಜಾರದಾಗ ಬೆಳದಾಂವ ಇದಿ, ಬೆರಳ ತಿಳಿಯಾಂಗಿಲ್ಲೇನು?"

ಅವನು ಹೊರಸಿನ ಪಕ್ಕ ಮಂಡಿಯೂರಿದ. ಅಂಗಿಯ ತೋಳು ಏರಿಸಿ ರುಮಾಲಿನ ಕೆಳಗೆ ಕೈ ಹಾಕಿದ. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಎಷ್ಟೋ ಬಾಜಾರ ನೋಡಿದ್ದೇನೆ, ಅಂಥ ಸೌದಾ ನೋಡಿಲ್ಲ! ರುಮಾಲು ಮೀನು ಸಿಕ್ಕ ಬಲೆಯ ಹಾಗೆ ಅಲುಗುತ್ತಿತ್ತು.

"ಹಂಗಲ್ಲ ಅಕ್ಕಾ... ಮಂದಿಗಿ ನಾ ಏನ್ ಹೇಳ್ಲಿ..." ಅಂದ. ಫಟ್ಟಂತ ಆಕೆ ಕೈ ಜಗ್ಗಿಕೊಂಡಳು! ಎಲುಬಷ್ಟೇ ಉಳಿದ ಕೈ ಅದು. ತಮ್ಮ ಮುಂದಕ್ಕೆ ಮುಗ್ಗರಿಸಿದ. ಬಾಜಾರದಲ್ಲಿ ಸೌದಾ ತಪ್ಪಿದವನ ಹಾಗೆ ಅವನ ಮುಖ ಸಣ್ಣದಾಯಿತು. ಮತ್ತೆ ಕೈ ಮುಂದೆ ಮಾಡಿದ. ಆಕೆ ಕಾಯಿಸಿದಳು. ಆಮೇಲೆ ಕೈ ಕೊಟ್ಟಳು. ಈ ಸಲ ಅವನು ಬಾಯಿ ತೆಗೆಯಲಿಲ್ಲ. ಬೆರಳುಗಳಷ್ಟೇ ಮಾತಾಡಿದವು. ಕೊನೆಗೆ ರುಮಾಲು ಸುಮ್ಮನಾಯಿತು. ಆಕೆಯ ಕೈ ಸಡಿಲವಾಗಿ ಸಾವಕಾಶ ಹೊರಗೆ ಬಂತು. ತಮ್ಮ ರುಮಾಲಿನಲ್ಲೇ ಮುಖ ಒರೆಸಿಕೊಂಡ.

"ಸೌದಾ ಆತು. ಲಾತೂರ ಇಲ್ಲ."

"ಮತ್ತ ಗಾಡಿ?" ಅಂದ ನನ್ನ ಮಗ.

ಉತ್ತರ ಹೊರಸಿನಿಂದ ಬಂತು, ಒಂದೇ ಶಬ್ದ: "ಉದಗೀರ."

ಮರುದಿನ ಉದಗೀರದಲ್ಲಿ ದನದ ಬಾಜಾರ! ಕೂತ ಕೂತಲ್ಲೇ ಎಲ್ಲ ಲೆಕ್ಕ ಹಾಕಿದ್ದಳು. ಸೊಸೆ ತಲೆಗೆ ಕೈ ಹಚ್ಚಿಕೊಂಡಳು. ನಾನು ಸಿಸ್ಟರ್ ಮುಖ ನೋಡಿದೆ. ಆ ಹುಡುಗಿ ಸ್ವಲ್ಪ ಯೋಚಿಸಿ, ಹೊರಡುವ ಮುಂಚೆ ನೋವಿನ ಔಷಧ ಯಾವಾಗ ಕೊಡಬೇಕು, ಬೆನ್ನಿಗೆ ಎಷ್ಟು ದಿಂಬು ಇಡಬೇಕು ಎಂದು ಹೇಳಿದಳು. ದಾರಿಯಲ್ಲಿ ಏನಾದರೂ ಆಗಬಹುದು ಅಂತಲೂ ಹೇಳಿದಳು. ನಾನು ಮುಚ್ಚುಮರೆ ಮಾಡುವವಳಲ್ಲ. ನೇರವಾಗಿ ಕೇಳಿದೆ:

"ಬೀಗತ್ಯಾರ, ಹಾದ್ಯಾಗ ಜೀವ ಹೋದ್ರ?"

ತೋರುಬೆರಳು. ಹೋಗಲಿ.

ಹೊರಟೆವು! ಹಿಂದಿನ ಸೀಟಿನಲ್ಲಿ ಆಕೆ ದಿಂಬುಗಳ ನಡುವೆ ಪಟ್ಟದ ರಾಣಿಯ ಹಾಗೆ, ಪಕ್ಕದಲ್ಲಿ ನಾನು, ಮುಂದೆ ತಮ್ಮ, ಗಾಡಿ ಓಡಿಸುವವನು ನನ್ನ ಮಗ. ವಲಾಂಡಿ ಹತ್ತಿರ ಬಂದಾಗ ರುಮಾಲಿನ ಕೆಳಗೆ ಮೊದಲು ನಡುಬೆರಳು, ಆಮೇಲೆ ಮುಷ್ಟಿ. ಗಾಡಿ ನಿಲ್ಲಿಸಿ ಗಂಡಸರನ್ನು ಇಳಿಸಿದೆ. ಇಬ್ಬರೂ ತೊಗರಿ ಹೊಲದ ಕಡೆ ಮುಖ ಮಾಡಿ ಶಾಲೆಯ ಹುಡುಗರ ಹಾಗೆ ನಿಂತರು. ನಾನು ಸೀರೆ ಅಡ್ಡ ಹಿಡಿದೆ. ಕೆಲಸ ಮುಗಿಯಿತು. ಯಾರೂ ಏನೂ ಕೂಗಲಿಲ್ಲ, ಯಾರೂ ಏನೂ ಕೇಳಲಿಲ್ಲ. ಆಕೆ ನನ್ನ ಕೆನ್ನೆ ತಟ್ಟಿದಳು. ಅಷ್ಟು ವರ್ಷದ ಬೀಗತನದಲ್ಲಿ ಆಕೆ ನನ್ನ ಕೆನ್ನೆ ಮುಟ್ಟಿದ್ದು ಅದೊಂದೇ ಸಲ.

ಉದಗೀರದ ಬಾಜಾರ! ಧೂಳು, ಸಗಣಿ, ಕೊಂಬಿನ ಬಣ್ಣ, ಕೊರಳ ಗಂಟೆ, ಮರಾಠಿ ಕನ್ನಡ ಎರಡೂ ಕಲಸಿದ ಬೈಗುಳ. ಆಕೆ ಮೂಗು ಅರಳಿಸಿ ವಾಸನೆ ಎಳೆದುಕೊಂಡಳು. ಗಾಡಿ ಮೆಲ್ಲಗೆ ಸಾಲಿನ ನಡುವೆ ಹೋಯಿತು. ಒಬ್ಬ ಹಳೆಯ ದಲ್ಲಾಳಿಗೆ ಆಕೆಯ ಮುಖದ ಗುರುತು ಸಿಗಲಿಲ್ಲ, ರುಮಾಲಿನ ಗುರುತು ಸಿಕ್ಕಿತು.

"ಅರೇ, ಅಕ್ಕಾಬಾಯಿ! ಇದ್ದೀ ಏನು ಇನ್ನಾ?"

ಆಕೆ ಅವನ ಹೋರಿಯ ಕಡೆ ಬೆರಳು ಮಾಡಿದಳು. ಕಪ್ಪು ಬಿಳುಪಿನ ದೇವಣಿ ತಳಿಯ ಹೋರಿ, ಮೈ ಮಿಂಚುತ್ತಿತ್ತು. ಬಾಯಿ ತೆರೆಸಿ ಹಲ್ಲು ನೋಡಿದಳು, ನಡೆಸಿ ನೋಡಿದಳು. ನನ್ನ ಮಗ ಮುಂದಿನ ಸೀಟಿನಲ್ಲಿ ಕಿಸಕ್ಕನೆ ನಕ್ಕ. ಕಿಟಕಿಯಿಂದ ರುಮಾಲು ಹೊರಗೆ ಚಾಚಿದಳು. ದಲ್ಲಾಳಿ ಕೈ ಕೊಟ್ಟ.

ಮಂದಿ ಸುತ್ತಿದರು. ಅವನ ಹುಬ್ಬು ಏರಿತು, ಇಳಿಯಿತು. "ಅಕ್ಕಾ, ಕೊಲ್ಲಬ್ಯಾಡ!" ಅಂದ. ಆಕೆ ಕರಗಲಿಲ್ಲ. "ಮನ್ಯಾಗ ಉಣ್ಣೂ ಮಂದಿ ಹತ್ತ ಇದಾರ ನಂಗ" ಅಂದ. ಕರಗಲಿಲ್ಲ. ಗುಂಪಿನಲ್ಲಿದ್ದವರು ಕೂಗುತ್ತಿದ್ದರು, ನಾನೂ ಯಾರ ಕಡೆ ಎಂಬುದು ಗೊತ್ತಿಲ್ಲದೆ ಕೂಗುತ್ತಿದ್ದೆ. ದಲ್ಲಾಳಿ ಇನ್ನೇನು ಒಪ್ಪಬೇಕು ಅನ್ನುವಷ್ಟರಲ್ಲಿ ಆಕೆ ಫಟ್ಟಂತ ಕೈ ಜಗ್ಗಿಕೊಂಡಳು. ಒಲ್ಲೆ! ಗಾಡಿ ನಡೆಸೆಂದು ನನ್ನ ಮಗನ ಬೆನ್ನಿಗೆ ಗುದ್ದಿದಳು. ದಲ್ಲಾಳಿ ಗಾಡಿಯ ಹಿಂದೆ ಓಡಿಬಂದ: "ಅಕ್ಕಾ, ನಿಲ್ಲು! ಇನ್ನೊಂದ್ ಸರ್ತಿ ಕೈ ಕೊಡು!"

ಆಕೆ ತಿರುಗಿ ನೋಡಲಿಲ್ಲ. ಹೋರಿ ಆಕೆಗೆ ಬೇಕಾಗಿರಲೇ ಇಲ್ಲ. ಒಲ್ಲೆ ಅನ್ನಬೇಕಾಗಿತ್ತು. ಅಂದ ಮೇಲೆ ಯಾರಾದರೂ ಕೇಳಬೇಕಾಗಿತ್ತು. ದನಿಯಿಲ್ಲದ ಗಂಟಲಲ್ಲಿ ಆಕೆ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. ನಾನು ಮೂಗು ಒರೆಸಿಕೊಂಡೆ. ಧೂಳಿಗೆ.

ಆಮೇಲೆ ಹೆಚ್ಚು ದಿನ ಇರಲಿಲ್ಲ. ಸಿಸ್ಟರ್ ನೋವಿಗೆ ಔಷಧ ಹೆಚ್ಚಿಸಿದಳು, ಬಾಯಿ ಒಣಗದ ಹಾಗೆ ಹತ್ತಿಯಲ್ಲಿ ನೀರು ಮುಟ್ಟಿಸುವುದನ್ನು ಸೊಸೆಗೆ ಕಲಿಸಿದಳು. ಒಂದು ಮುಂಜಾನೆ ಲಿಂಗಪೂಜೆ ನನ್ನ ಕೈಯಿಂದ ಮಾಡಿಸಿಕೊಂಡಳು. ವಿಭೂತಿ ಹಚ್ಚಿದೆ. ಮಗಳು, ಅಳಿಯ, ತಮ್ಮ ಎಲ್ಲರೂ ಸುತ್ತ ಇದ್ದರು; ಮುಷ್ಟಿ ಹಿಡಿಯುತ್ತಾಳೇನೋ ಎಂದು ಕಾದೆ, ಹಿಡಿಯಲಿಲ್ಲ. ಇರಲಿ ಅಂದಳು ಅಂತಲೇ ನನ್ನ ಲೆಕ್ಕ. ರುಮಾಲಿನ ಕೆಳಗೆ ಬಹಳ ಹೊತ್ತು ನಾವಿಬ್ಬರೂ ಮಾತಾಡಿದೆವು. ಮಾತು ಮುಗಿಯುವಷ್ಟರಲ್ಲಿ ಜೀವ ಹೋಯಿತು. ಆಕೆಯ ಹೊಲದಲ್ಲೇ ಕೂರಿಸಿ ಸಮಾಧಿ ಮಾಡಿದರು. ರುಮಾಲು ಈಗ ನನ್ನ ಟ್ರಂಕಿನಲ್ಲಿದೆ. ಆಕೆ ಕೊಟ್ಟಳೋ, ನಾನು ಕೇಳಿದೆನೋ, ಅದೂ ಅದರ ಕೆಳಗಿನ ಮಾತು.

ವರ್ಷದ ಊಟದ ಎಲೆ ಎತ್ತಿದ ಮೇಲೆ ಸೊಸೆ ನನ್ನ ಹತ್ತಿರ ಬಂದು ಕೂತಳು.

"ಅತ್ತೀ, ಕಡೀಕ ಅವ್ವ ಏನಂದಳ್ರೀ? ಈಗರೆ ಹೇಳ್ರಿ."

"ವಸ್ತ್ರದ ಕೆಳಗಿಂದು ಹೊರಗ ಹೇಳಾಂಗಿಲ್ಲವ್ವಾ. ನಿಮ್ಮವ್ವನೇ ಕಲಿಸ್ಯಾಳ."

"ನಾ ಮಗಳ್ರೀ!"

"ಆಗಿದ್ರೇನು."

ಸೊಸೆ ಮುಖ ತಿರುಗಿಸಿ ಎದ್ದು ಹೋದಳು, ಥೇಟ್ ಅವ್ವನ ಹಾಗೆ. ಪಾತ್ರೆ ಬಡಿಯುವ ಸಪ್ಪಳ ಕೇಳಿಸಿತು. ನಾನೂ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಎಲ್ಲರ ಕಣ್ಣೆದುರಿಗೇ ನಡೆದು, ಅಳುವ ಗದ್ದಲದಲ್ಲಿ ಯಾರೂ ಗಮನಿಸದೇ ಹೋದದ್ದನ್ನು ಹೇಳಬಹುದು, ಅದಕ್ಕೆ ತಡೆಯಿಲ್ಲ.

"ಇಕಾ ಕೇಳು. ನಿಮ್ಮವ್ವ ಕೈ ಜಗ್ಗಲಿಲ್ಲ. ಸಾವಕಾಶ ಬಿಟ್ಟಳು."